ಕಾರಿನ ಬೆಲೆ ಇಳಿದಿದೆ, ಬಿಡಿಭಾಗದ ಬೆಲೆ ಇಳಿದಿಲ್ಲ

ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕರ್ಧ ಒಂದೇ ವಿಷಯ. ಹಳೆಯ ಹೈಬ್ರಿಡ್ ಸ್ಪೋರ್ಟ್ಸ್ ಕಾರು, ಅಂದರೆ ಪೆಟ್ರೋಲ್ ಎಂಜಿನ್ನಿನ ಜೊತೆ ಬ್ಯಾಟರಿ, ಎಲೆಕ್ಟ್ರಿಕ್ ಮೋಟರೂ ಇರುವಂಥದ್ದು. ಗೋಡೆಗೆ ಚಿತ್ರ ಅಂಟಿಸಿಕೊಂಡು ನೋಡುತ್ತಿದ್ದ ಕಾರು ಈಗ ಕೈಗೆಟುಕುವ ಬೆಲೆಗೆ ಬಂದಿದೆ, ತಗೊಳ್ಳಲಾ ಅಂತ ಕೇಳಿದ್ದೀರಿ. ಉಳಿದ ಪ್ರಶ್ನೆಗಳನ್ನು ಪಕ್ಕಕ್ಕಿಟ್ಟು ಇವಕ್ಕೇ ಉತ್ತರ ಬರೆದಿದ್ದೇನೆ. ಇದೇ ಆಸೆಗೆ ಬಿದ್ದು ನಾನೂ ಒಮ್ಮೆ ಕೈ ಸುಟ್ಟುಕೊಂಡವನು. ಆ ಕಥೆ ಕೆಳಗಿದೆ.

ಪ್ರಶ್ನೆ: 2015ರ ಬಿಎಂಡಬ್ಲ್ಯು ಐ8 ನೋಡಿ ಬಂದಿದ್ದೇನೆ. 46,000 ಕಿ.ಮೀ. ಓಡಿದೆ. ಹೊಸದರ ಬೆಲೆಯಲ್ಲಿ ಮೂರನೇ ಒಂದು ಪಾಲು ಹೇಳುತ್ತಿದ್ದಾರೆ. ಇನ್ನೂ ಇಳಿಯುತ್ತದೆಯೇ? ಇಟ್ಟುಕೊಂಡರೆ ಖರ್ಚು ಹೇಗೆ?

ಉತ್ತರ: ಮೊದಲು ಅದು ಯಾಕೆ ಇಷ್ಟು ಇಳಿಯಿತು ಅಂತ ನೋಡೋಣ. ಐ8 ಜರ್ಮನಿಯ ಲೈಪ್‌ಜಿಗ್ ಕಾರ್ಖಾನೆಯಲ್ಲಿ 2014ರಿಂದ 2020ರವರೆಗೆ ತಯಾರಾಯಿತು. ಒಟ್ಟು 20,000ಕ್ಕೂ ಜಾಸ್ತಿ. ಈ ಬಗೆಯ ಕಾರಿಗೆ ಅದು ದೊಡ್ಡ ಸಂಖ್ಯೆ, ಅಪರೂಪದ ವಸ್ತು ಅನ್ನುವ ಹಾಗಿಲ್ಲ. 2018ರಲ್ಲಿ ಕಂಪನಿ ಬ್ಯಾಟರಿಯನ್ನು 7.1ರಿಂದ 11.6 ಕಿಲೋವ್ಯಾಟ್ ಅವರ್‌ಗೆ ಹೆಚ್ಚಿಸಿತು. ಶಕ್ತಿಯೂ 362ರಿಂದ 374 ಪಿಎಸ್ (ಅಶ್ವಶಕ್ತಿ) ಆಯಿತು. ಅಲ್ಲಿಗೆ ನೀವು ನೋಡಿರುವಂಥ ಕಾರುಗಳೆಲ್ಲ ಒಂದೇ ದಿನದಲ್ಲಿ ‘ಹಳೇ ಬ್ಯಾಟರಿ ಮಾಡೆಲ್’ ಆಗಿಬಿಟ್ಟವು. ಪೆಟ್ರೋಲ್ ಸ್ಪೋರ್ಟ್ಸ್ ಕಾರಿಗೆ ಹತ್ತು ವರ್ಷ ಆದರೆ ಒಂದು ಥರ ಗೌರವ ಬರುತ್ತದೆ. ಬ್ಯಾಟರಿ ಇರುವ ಕಾರಿನದು ಮೊಬೈಲಿನ ಪಾಡು. ಇದರ ಮೇಲೆ, 100 ಕಿ.ಮೀ. ವೇಗಕ್ಕೆ 4.4 ಸೆಕೆಂಡ್ ಅನ್ನುವುದು 2014ರಲ್ಲಿ ದೊಡ್ಡ ಮಾತಾಗಿತ್ತು. ಆಮೇಲೆ ಮನೆಮಂದಿಯನ್ನೆಲ್ಲ ಕೂರಿಸಿಕೊಂಡು ಹೋಗುವ ಎಲೆಕ್ಟ್ರಿಕ್ ಕಾರುಗಳೇ ಅದನ್ನು ಹಿಂದೆ ಹಾಕಿದವು.

ಇನ್ನೂ ಇಳಿಯುತ್ತದೆಯೇ ಅಂದರೆ, ಇಳಿಯುತ್ತದೆ, ಆದರೆ ನಿಧಾನವಾಗಿ. ದೊಡ್ಡ ಇಳಿಜಾರು ಮೊದಲ ನಾಲ್ಕೈದು ವರ್ಷದಲ್ಲೇ ಮುಗಿದಿದೆ. ಅದರ ನಷ್ಟ ಮೊದಲ ಮಾಲೀಕರ ಪಾಲಿಗೆ ಹೋಯಿತು. ಮೇಲಕ್ಕೆ ತೆರೆಯುವ ಬಾಗಿಲು, ಕಾರ್ಬನ್ ಫೈಬರ್ ಕ್ಯಾಬಿನ್, ಆ ರೂಪ, ಇವು ಮತ್ತೊಂದು ಕಾರಿನಲ್ಲಿ ಒಟ್ಟಿಗೆ ಸಿಗುವುದು ಕಷ್ಟ. ಅದಕ್ಕೇ ಕೇಳುವವರು ಇದ್ದೇ ಇರುತ್ತಾರೆ. ಹಾಗಂತ ಲಾಭಕ್ಕೆ ಮಾರುತ್ತೇನೆ ಅನ್ನುವ ಲೆಕ್ಕ ಇದ್ದರೆ ಈಗಲೇ ಬಿಟ್ಟುಬಿಡಿ.

ಖರ್ಚಿನ ವಿಷಯಕ್ಕೆ ಬಂದರೆ ಐ8 ಅಂದರೆ ಒಂದು ಕಾರಲ್ಲ, ಎರಡು. ಹಿಂದೆ ಇರುವುದು 1.5 ಲೀಟರಿನ ಮೂರು ಸಿಲಿಂಡರ್ ಟರ್ಬೊ ಎಂಜಿನ್, ಮಿನಿ ಕೂಪರ್‌ನಲ್ಲಿ ಇರುವ ಕುಟುಂಬದ್ದೇ. ಅದರ ಜೊತೆ 6 ಗೇರಿನ ಆಟೊಮ್ಯಾಟಿಕ್. ಆಯಿಲ್, ಫಿಲ್ಟರ್, ಪ್ಲಗ್ ವಿಷಯದಲ್ಲಿ ಇದು ಸಣ್ಣ ಕಾರೇ, ಭಯ ಬೇಡ. ಮುಂದಿನ ಅರ್ಧದ ಸಮಾಚಾರ ಬೇರೆ. ಮುಂದಿನ ಚಕ್ರಗಳಿಗೆ 131 ಪಿಎಸ್‌ನ ಎಲೆಕ್ಟ್ರಿಕ್ ಮೋಟರ್, ಅದಕ್ಕೇ ಅಂತ ಎರಡು ಗೇರಿನ ಪೆಟ್ಟಿಗೆ, ನಡುವಿನ ಸುರಂಗದಲ್ಲಿ ಬ್ಯಾಟರಿ. ಇಲ್ಲಿ ಏನಾದರೂ ಕೆಟ್ಟರೆ ಬರುವ ಬಿಲ್ಲು ನೀವು ಕೊಟ್ಟ ಬೆಲೆಯನ್ನು ನೋಡಿ ಬರುವುದಿಲ್ಲ. ಹೊಸದರಲ್ಲಿ ಈ ಕಾರಿಗೆ ಇದ್ದ ಬೆಲೆ ನೋಡಿ ಬರುತ್ತದೆ. ಮೂರು ಕಾಸಿನ ಕುದುರೆಗೆ ಆರು ಕಾಸಿನ ಲಗಾಮು ಅಂತಾರಲ್ಲ, ಅದೇ.

ಲೆಕ್ಕಕ್ಕೆ ಹೀಗಂದುಕೊಳ್ಳಿ. ಹೊಸದರ ಬೆಲೆ 100, ನೀವು ಕೊಡುವುದು 33. ಹೊಸದರಲ್ಲಿ 5 ಅನ್ನಿಸಿಕೊಂಡ ರಿಪೇರಿ ಈಗಲೂ 5. ಮೊದಲ ಮಾಲೀಕನಿಗೆ ಅದು ಇಪ್ಪತ್ತರಲ್ಲಿ ಒಂದು ಪಾಲು. ನಿಮಗೆ ಏಳರಲ್ಲಿ ಒಂದು. ಕಾರು ಅಗ್ಗವಾದಷ್ಟೂ ರಿಪೇರಿ ದುಬಾರಿ ಕಾಣುತ್ತದೆ.

ಇನ್ನು ಸಣ್ಣಪುಟ್ಟ ವಿಷಯ. ಅಷ್ಟೇನೂ ಸಣ್ಣದಲ್ಲ. ಟೈರು ಮುಂದೆ 195/50 ಆರ್20, ಹಿಂದೆ 215/45 ಆರ್20 (ಮೊದಲ ಸಂಖ್ಯೆ ಮಿ.ಮೀ.ನಲ್ಲಿ ಅಗಲ). ಕೆಲವು ಕಾರುಗಳಲ್ಲಿ ಮುಂದೆ 215, ಹಿಂದೆ 245 ಇರುತ್ತದೆ. 20 ಇಂಚಿನ ಚಕ್ರಕ್ಕೆ ಇಷ್ಟು ಸಪೂರ ಟೈರು ಬೇರೆಡೆ ಕಾಣುವುದು ಅಪರೂಪ, ತಯಾರಿಸುವವರೂ ಕಡಿಮೆ. ನಾಲ್ಕೂ ಸವೆದಿದ್ದರೆ ಆ ಖರ್ಚನ್ನು ಬೆಲೆಯಲ್ಲೇ ಕಳೆಯಿರಿ. ಮುಂದಿನ ಬಾನೆಟ್ಟು ಮನಸ್ಸು ಬಂದಾಗ ಎತ್ತಿ ನೋಡುವಂಥದ್ದಲ್ಲ, ಬಿಚ್ಚುವುದು ವರ್ಕ್‌ಶಾಪಿನ ಕೆಲಸ. ಪೆಟ್ರೋಲ್ ಟ್ಯಾಂಕಿನೊಳಗೆ ಒತ್ತಡ ಇರುತ್ತದೆ. ಎಂಜಿನ್ ದಿನಗಟ್ಟಲೆ ಓಡದೇ ಇರಬಹುದಲ್ಲ, ಆವಿ ಹೊರಗೆ ಹೋಗದಿರಲಿ ಅಂತ ಮಾಡಿದ ವ್ಯವಸ್ಥೆ. ಬಟನ್ ಒತ್ತಿ, ಒತ್ತಡ ಇಳಿಯುವವರೆಗೆ ಕಾದು, ಆಮೇಲೆ ಮುಚ್ಚಳ ತೆಗೆಯಬೇಕು. ನೋಡಲು ಹೋದಾಗ ಇದನ್ನು ಖುದ್ದಾಗಿ ಮಾಡಿ ನೋಡಿ. ಮುಚ್ಚಳ ತೆರೆಯಲು ಹಟ ಮಾಡಿದರೆ ಸೆನ್ಸರೋ ವಾಲ್ವೋ ಕೆಟ್ಟಿರಬಹುದು.

ಅಪಘಾತ ಆದ ಕಾರು ಎಷ್ಟೇ ಅಗ್ಗವಾದರೂ ಬೇಡ. ಹೊರಗಿನ ತಗಡು, ಪ್ಲಾಸ್ಟಿಕ್ ಬದಲಿಸಬಹುದು. ಒಳಗಿನ ಕಾರ್ಬನ್ ಫೈಬರ್ ಗೂಡಿಗೆ ಪೆಟ್ಟಾಗಿದ್ದರೆ ಸುತ್ತಿಗೆ ಹಿಡಿದು ನೆಟ್ಟಗೆ ಮಾಡುವ ಹಾಗಿಲ್ಲ. ಕತ್ತರಿಸಿ, ಹೊಸ ತುಂಡು ಅಂಟಿಸಬೇಕು. ಬಲ್ಲವರು ಕಡಿಮೆ. ವಿಮೆಯ ಕಂತು ಕೂಡ ಈ ಕಾರಣಕ್ಕೇ ಜಾಸ್ತಿ ಬರಬಹುದು. ಕಾರಿಗೆ ಮುಂಗಡ ಕೊಡುವ ಮೊದಲೇ ವಿಮೆ ಎಷ್ಟು ಅಂತ ಕೇಳಿಕೊಳ್ಳಿ.

ನನ್ನ ಮಾತು ಇಷ್ಟೇ. ಕಾರು ಕೊಂಡ ಮೇಲೂ ಅದರ ಬೆಲೆಯ ಐದನೇ ಒಂದು ಪಾಲು ಮುಟ್ಟದೆ ಪಕ್ಕಕ್ಕಿಡಲು ಆದರೆ ತಗೊಳ್ಳಿ. ಇದ್ದಬದ್ದದ್ದೆಲ್ಲ ಬಾಚಿ, ಸಾಲ ಸೇರಿಸಿ ತಗೊಳ್ಳುವುದಾದರೆ ಬೇಡ.

ಪ್ರಶ್ನೆ: ಹತ್ತು ವರ್ಷದಲ್ಲಿ ಬರೀ 18,000 ಕಿ.ಮೀ. ಓಡಿದ ಹೈಬ್ರಿಡ್ ಕಾರು ಸಿಕ್ಕಿದೆ. ಬ್ಯಾಟರಿ ಹೊಸದರ ಹಾಗೇ ಇದೆ ಅಂತ ಮಾರುವವರು ಹೇಳುತ್ತಾರೆ. ನಂಬಬಹುದಾ?

ಉತ್ತರ: ಅವರು ಸುಳ್ಳು ಹೇಳುತ್ತಿಲ್ಲ, ಅವರಿಗೆ ಗೊತ್ತಿಲ್ಲ. ಲಿಥಿಯಂ ಬ್ಯಾಟರಿಗೆ ಎರಡು ಥರ ವಯಸ್ಸಾಗುತ್ತದೆ. ಒಂದು ಓಡಿ, ಇನ್ನೊಂದು ಸುಮ್ನೆ ನಿಂತು. ತುಂಬಾ ಚಾರ್ಜ್ ಮಾಡಿ ಸೆಕೆಯಲ್ಲಿ ತಿಂಗಳುಗಟ್ಟಲೆ ನಿಲ್ಲಿಸಿದರೆ ಒಂದು ಕಿ.ಮೀ. ಓಡದೆಯೂ ಅದು ಮುಪ್ಪಾಗುತ್ತದೆ. ಪೂರ್ತಿ ಖಾಲಿ ಮಾಡಿ ಮರೆತುಬಿಟ್ಟರೆ ಇನ್ನೂ ಕೆಟ್ಟದ್ದು. ದಿನಾ 20 ಕಿ.ಮೀ. ಓಡಾಡಿದ ಕಾರಿನ ಬ್ಯಾಟರಿ, ಹೊದಿಕೆ ಹೊದ್ದು ಮಲಗಿದ್ದ ಕಾರಿನದಕ್ಕಿಂತ ಚೆನ್ನಾಗಿರುವುದುಂಟು.

ಪರೀಕ್ಷೆ ಮಾಡುವುದು ಕಷ್ಟವಲ್ಲ. ಪ್ಲಗ್ ಹಾಕುವ ಕಾರಾದರೆ ಗೋಡೆಯ ಸಾಕೆಟ್ಟಿಗೂ ಚಾರ್ಜರ್‌ಗೂ ನಡುವೆ ಹಾಕುವ ಸಣ್ಣ ವಿದ್ಯುತ್ ಮೀಟರ್ ಒಂದನ್ನು ಜೇಬಿನಲ್ಲಿಟ್ಟುಕೊಂಡು ಹೋಗಿ. ಮೊದಲ ಐ8ನ ಉದಾಹರಣೆ ತೆಗೆದುಕೊಳ್ಳೋಣ. ಬ್ಯಾಟರಿ 7.1 ಅಂದರೂ ಕಾರು ಬಳಸಲು ಬಿಡುವುದು 5.2 ಕಿಲೋವ್ಯಾಟ್ ಅವರ್ ಮಾತ್ರ. ಬರೀ ಎಲೆಕ್ಟ್ರಿಕ್‌ನಲ್ಲಿ ಓಡಿಸಿ ಖಾಲಿ ಮಾಡಿ, ಆಮೇಲೆ ಪೂರ್ತಿ ತುಂಬಿಸಿ. ಚಾರ್ಜ್ ಮಾಡುವಾಗ ಒಂದಿಷ್ಟು ಪೋಲಾಗುತ್ತದೆ, ಹಾಗಾಗಿ ಒಳ್ಳೆಯ ಬ್ಯಾಟರಿಯಾದರೆ ಮೀಟರ್ 6ರ ಆಸುಪಾಸು ತೋರಿಸಬೇಕು. 4 ತೋರಿಸಿತೋ, ಮೂರರಲ್ಲಿ ಒಂದು ಪಾಲು ಹೋಗಿದೆ ಅಂತ ತಿಳಿಯಿರಿ. ಎಷ್ಟು ದೂರ ಓಡಿತು ಅನ್ನುವುದಕ್ಕಿಂತ ಈ ಲೆಕ್ಕ ಮೇಲು. ಐ8ಗೆ ಯುರೋಪಿನ ಹಳೆಯ ಪರೀಕ್ಷೆಯಲ್ಲಿ 37 ಕಿ.ಮೀ. ಎಲೆಕ್ಟ್ರಿಕ್ ಓಟ ಅಂತ ಇತ್ತು. ರಸ್ತೆಯಲ್ಲಿ ಅಷ್ಟು ಬರುವುದು ಕಷ್ಟ. 25 ಬಂದರೆ ಮುಖ ಸಣ್ಣ ಮಾಡಿಕೊಳ್ಳಬೇಡಿ.

ಇನ್ನೊಂದು ಮಾತು. ಐ8ನಲ್ಲಿ ಬ್ಯಾಟರಿಯನ್ನು ತಣ್ಣಗಿಡುವುದು ಎಸಿಯ ಗ್ಯಾಸೇ. ಎಸಿ ಸರಿಯಾಗಿ ತಣ್ಣಗಾಗುತ್ತಿಲ್ಲ, ಗ್ಯಾಸ್ ತುಂಬಿಸಿದರೆ ಸರಿಹೋಗುತ್ತೆ ಅಂತ ಮಾರುವವರು ನಗುತ್ತಾ ಹೇಳಿದರೆ ನೀವು ನಗಬೇಡಿ. ಗ್ಯಾಸ್ ಎಲ್ಲಿಂದ ಸೋರುತ್ತಿದೆ, ಎಷ್ಟು ದಿನದಿಂದ ಸೋರುತ್ತಿದೆ, ಅಷ್ಟು ದಿನ ಬ್ಯಾಟರಿ ಎಷ್ಟು ಕಾದಿದೆ ಅಂತ ಕೇಳಬೇಕು.

ಹಾಗಂತ ಬ್ಯಾಟರಿ ಕೆಟ್ಟರೆ ಇಡೀ ಬ್ಯಾಟರಿಯೇ ಹೋಯಿತು ಅಂತಲ್ಲ. ಐ8ನದು 96 ಸೆಲ್ಲು, ಅವನ್ನು ಗುಂಪು ಮಾಡಿ ಕಟ್ಟಿದ 6 ಮಾಡ್ಯೂಲ್. ಒಂದು ಮಾಡ್ಯೂಲ್ ಸೋತರೆ ಅದೊಂದನ್ನೇ ಬದಲಿಸಲು ಬರುತ್ತದೆ. ‘ಪೂರ್ತಿ ಹೊಸದೇ ಹಾಕಬೇಕು’ ಅನ್ನುವ ಮೊದಲ ಉತ್ತರಕ್ಕೆ ತಲೆ ಆಡಿಸಬೇಡಿ.

ಅದಕ್ಕೆ ಹೆದರಿ ಸಿಕ್ಕಿದ ಅಗ್ಗದ ಉತ್ತರಕ್ಕೂ ತಲೆ ಆಡಿಸಬೇಡಿ, ನಾನು ಆಡಿಸಿದ್ದೆ. ನನ್ನ ಬಳಿ 2011ರ ಹೋಂಡಾ ಸಿಆರ್-ಝಡ್ ಇತ್ತು. ಎರಡನೇ ಮಾಲೀಕರಿಂದ ಕೊಂಡದ್ದು. ಒಂದು ದಿನ ಏರು ಹತ್ತುತ್ತಿದ್ದೆ. ಮುಕ್ಕಾಲು ತುಂಬಿದ್ದ ಬ್ಯಾಟರಿ ಮೀಟರ್ ಕಣ್ಣೆದುರೇ ತಳಕ್ಕೆ ಬಿತ್ತು. ಎಂಜಿನ್ನಿಗೆ ಸಿಗುತ್ತಿದ್ದ ನೂಕು ನಿಂತಿತು, ಗಾಡಿ ಭಾರವಾಯಿತು. ಹತ್ತು ನಿಮಿಷ ಬಿಟ್ಟು ಮೀಟರ್ ಏನೂ ಆಗಿಲ್ಲ ಅನ್ನುವ ಹಾಗೆ ಮೇಲೆ ಬಂತು. ಒಂದು ವಾರ ಹೀಗೇ ಆಟ ಆಡಿತು. ಆಮೇಲೆ ತಿಳಿಯಿತು, ಸೆಲ್ಲುಗಳ ನಡುವೆ ಹೊಂದಾಣಿಕೆ ತಪ್ಪಿದಾಗ ಕಾರಿನ ಕಂಪ್ಯೂಟರ್ ತನ್ನ ಲೆಕ್ಕವನ್ನು ಮತ್ತೆ ಮೊದಲಿಂದ ಹಾಕುತ್ತದೆ, ಅದೇ ಈ ಬೀಳುವುದು, ಏಳುವುದು.

ತೋರಿಸಿದ ಕಡೆ ಹೊಸ ಬ್ಯಾಟರಿಗೆ ಹೇಳಿದ ಬೆಲೆ ನಾನು ಕಾರಿಗೆ ಕೊಟ್ಟದ್ದರ ಅರ್ಧದ ಹತ್ತಿರ ಇತ್ತು. ಹೌಹಾರಿದೆ. ಇನ್ನೊಬ್ಬರು ‘ರೀಕಂಡೀಷನ್’ ಮಾಡಿದ್ದು ಅರ್ಧ ಬೆಲೆಗೆ ಕೊಡುತ್ತೇನೆ ಅಂದರು. ಸರಿ ಅಂತ ತಲೆ ಆಡಿಸಿದೆ. ಎಂಟೇ ತಿಂಗಳಿಗೆ ಮೀಟರ್ ಮತ್ತೆ ಬೀಳತೊಡಗಿತು. ಬಿಚ್ಚಿಸಿ ನೋಡಿದರೆ ಸತ್ತ ನಾಲ್ಕಾರು ಸೆಲ್ಲು ತೆಗೆದು, ಬೇರೆ ಹಳೆ ಕಾರಿನವನ್ನು ತುಂಬಿದ್ದರು ಅಷ್ಟೆ. ಉಳಿದ ಮುದುಕರೆಲ್ಲ ಹಾಗೇ ಇದ್ದರು. ಕೊನೆಗೆ ಹೊಸದನ್ನೇ ಹಾಕಿಸಿದೆ. ಹೀಗೆ ಒಂದೂವರೆ ಬ್ಯಾಟರಿಯ ದುಡ್ಡು ಹೋಯಿತು. ಆ ಕೆಲಸದ ನಡುವೆ ಇನ್ನೊಂದು ಕಂಡೆ. ಬ್ಯಾಟರಿಗೆ ಗಾಳಿ ಹೋಗುವ ಫ್ಯಾನು ಕಾರಿನ ಒಳಗಿನ ಗಾಳಿಯನ್ನೇ ಎಳೆಯುತ್ತದೆ. ಅದರ ಎಲೆಗಳ ಮೇಲೆ ಬೆರಳು ದಪ್ಪ ಧೂಳು, ಅದರಲ್ಲಿ ಬಿಳಿ ನಾಯಿಕೂದಲು. ನನಗೆ ನಾಯಿ ಇಲ್ಲ.

ಪ್ರಶ್ನೆ: ಸಿಆರ್-ಝಡ್ ತಗೊಳ್ಳುವ ಯೋಚನೆ. 2012ರದ್ದು ಅಗ್ಗ, 2013ರದ್ದು ಸ್ವಲ್ಪ ಜಾಸ್ತಿ. ಯಾವುದು?

ಉತ್ತರ: 2013ರ ಮಾಡೆಲ್. ಆದರೆ ಹೊಸ ಬ್ಯಾಟರಿಯದ್ದು ಹೌದೇ ಅಂತ ಖಚಿತ ಮಾಡಿಕೊಳ್ಳಿ. 2010ರಲ್ಲಿ ಬಂದ ಕಾರಿನಲ್ಲಿ 100.8 ವೋಲ್ಟಿನ ನಿಕಲ್ ಬ್ಯಾಟರಿ ಇತ್ತು. ಬದಲಾದ ಕಾರಿನಲ್ಲಿ 144 ವೋಲ್ಟಿನ ಲಿಥಿಯಂ ಬ್ಯಾಟರಿ, ಮೋಟರಿನ ಶಕ್ತಿಯೂ 10ರಿಂದ 15 ಕಿಲೋವ್ಯಾಟಿಗೆ ಏರಿತು. ಸ್ಟೀರಿಂಗ್ ಮೇಲೆ ಎಸ್+ ಅನ್ನುವ ಬಟನ್ ಇದ್ದರೆ ಅದು ಹೊಸದು. ಮ್ಯಾನುಯಲ್ ಸಿಕ್ಕರೆ ಕಣ್ಣು ಮುಚ್ಚಿ ಮ್ಯಾನುಯಲ್. ಹೈಬ್ರಿಡ್ಡಿಗೆ 6 ಗೇರಿನ ಮ್ಯಾನುಯಲ್ ಅನ್ನುವುದೇ ವಿಚಿತ್ರ, ಆ ವಿಚಿತ್ರವನ್ನೇ ಹುಡುಕಿಕೊಂಡು ಬರುವವರಿದ್ದಾರೆ. ನಾಳೆ ಮಾರುವಾಗ ಅನುಕೂಲ. 2016ಕ್ಕೆ ತಯಾರಿಕೆ ನಿಂತಿತು, ಆದ್ದರಿಂದ ಬಂಪರ್, ದೀಪ, ಒಳಗಿನ ಪ್ಲಾಸ್ಟಿಕ್ಕು ಇವೆಲ್ಲ ಸರಿ ಇರುವ ಕಾರನ್ನೇ ಹುಡುಕಿ. ವೇಗದ ಆಸೆ ಇದ್ದರೆ ನಿರಾಸೆ ಆಗುತ್ತದೆ. ಮೊದಲ ಕಾರಿನ ಒಟ್ಟು ಶಕ್ತಿ 124 ಪಿಎಸ್ ಅಷ್ಟೆ. ನನ್ನ ಮಟ್ಟಿಗೆ ಅದು ಬಿಲ್ಲು ನೋಡಿದಾಗ ಬೈಯುವ, ತಿರುವಿನಲ್ಲಿ ಮುದ್ದಿಸುವ ಕಾರು.

ಪ್ರಶ್ನೆ: ಬೆಲೆ ಬೀಳದ ಹೈಬ್ರಿಡ್ ಸ್ಪೋರ್ಟ್ಸ್ ಕಾರು ಇದೆಯೇ ಇಲ್ಲವೇ?

ಉತ್ತರ: ಇದೆ, ನಮ್ಮ ನಿಮ್ಮಂಥವರಿಗಲ್ಲ. ಪೋರ್ಷೆ 918 ಸ್ಪೈಡರ್ ಮಾಡಿದ್ದೇ 918. ಮೆಕ್ಲಾರೆನ್ ಪಿ1 ಬರೀ 375. ಲಾಫೆರಾರಿ ಕೂಪೆ 499, ಆಮೇಲೆ ಇಟಲಿಯ ಭೂಕಂಪ ಸಂತ್ರಸ್ತರಿಗಾಗಿ ಹರಾಜು ಹಾಕಲು ಇನ್ನೊಂದು. ಇವು ಮೂರೂ ಹೊಸದರ ಬೆಲೆಗಿಂತ ಮೇಲೆಯೇ ಕೈ ಬದಲಾಗುತ್ತಿವೆ. ಅಲ್ಲಿ ಬ್ಯಾಟರಿಯ ವಯಸ್ಸಿಗಿಂತ ಎಣಿಕೆಯೇ ಮುಖ್ಯ.

ಅದೇ ಫೆರಾರಿಯ ಎಸ್‌ಎಫ್90 ನೋಡಿ. 1,000 ಪಿಎಸ್, ಕಾಗದದ ಮೇಲೆ ಲಾಫೆರಾರಿಗಿಂತ ಶಕ್ತಿಶಾಲಿ. ಆದರೆ ಎಣಿಕೆಗೆ ಮಿತಿ ಹಾಕಿ ಮಾಡಿದ ಕಾರಲ್ಲ. ಹಳೆಯ ಕಾರಿನ ಮಾರುಕಟ್ಟೆಯಲ್ಲಿ ಹೊಸದರ ಬೆಲೆಗಿಂತ ಕೆಳಗೆ ಇಳಿದಿದೆ. ಕೊಳ್ಳುವವರ ಭಯ ಕಂಪನಿಗೂ ಗೊತ್ತಾದ ಹಾಗಿದೆ. 8ನೇ ವರ್ಷಕ್ಕೊಮ್ಮೆ, 16ನೇ ವರ್ಷಕ್ಕೊಮ್ಮೆ ಬ್ಯಾಟರಿ ಬದಲಿಸಿಕೊಡುವ ಹೆಚ್ಚುವರಿ ವಾರಂಟಿಯನ್ನು ಫೆರಾರಿ ಹೈಬ್ರಿಡ್ಡುಗಳಿಗೆ ಕೊಡತೊಡಗಿದೆ. ದುಡ್ಡು ಕಟ್ಟಿಸಿಕೊಂಡೇ ಕೊಡುವುದು, ಬಿಡಿ.

ನಡುವಿನ ದಾರಿ ಅಂದರೆ ಹೋಂಡಾ ಎನ್‌ಎಸ್‌ಎಕ್ಸ್, 2016ರಿಂದ 2022ರವರೆಗಿನ ಎರಡನೇ ಪೀಳಿಗೆ. ಎರಡು ಟರ್ಬೊ ಇರುವ 3.5 ಲೀಟರ್ ವಿ6, ಮೂರು ಮೋಟರು. ಒಟ್ಟು 3,000ಕ್ಕೂ ಕಡಿಮೆ ತಯಾರಾದವು. ಕೊನೆಯ ಟೈಪ್ ಎಸ್ ಬರೀ 350. ಪ್ಲಗ್ ಹಾಕುವ ಗೋಜಿಲ್ಲ, ಬ್ಯಾಟರಿಯೂ ಸಣ್ಣದು. ಬ್ಯಾಟರಿ ಸಣ್ಣದಾದಷ್ಟೂ ಮುಂದಿನ ಕೊಳ್ಳುವವನ ಹೆದರಿಕೆಯೂ ಸಣ್ಣದು. ನನ್ನ ಕೈಯಲ್ಲಿ ದುಡ್ಡಿದ್ದರೆ ಐ8 ಬಿಟ್ಟು ಇದಕ್ಕೇ ಹೋಗುತ್ತಿದ್ದೆ. ಇಲ್ಲ, ಅದಕ್ಕೇ ಬರೆಯುತ್ತಾ ಕೂತಿದ್ದೇನೆ.

ಪ್ರಶ್ನೆ: ಹೈಬ್ರಿಡ್ ಕಾರಿನ ಬ್ರೇಕು ಸವೆಯುವುದೇ ಇಲ್ಲವಂತೆ, ನಿಜವಾ?

ಉತ್ತರ: ನಿಧಾನವಾಗಿ ಸವೆಯುತ್ತದೆ. ವೇಗ ತಗ್ಗಿಸುವ ಕೆಲಸದಲ್ಲಿ ಒಂದು ಪಾಲು ಮೋಟರೇ ಮಾಡುತ್ತದೆ. ಆದರೆ ಬಳಕೆ ಕಡಿಮೆಯಾದ ಡಿಸ್ಕಿಗೆ ತುಕ್ಕು ಹಿಡಿಯುತ್ತದೆ. ಪ್ಯಾಡ್ ದಪ್ಪ ಇದೆ ಅಂತ ಸಂತೋಷಪಡುವ ಮೊದಲು ಡಿಸ್ಕಿನ ಒಳಮುಖ ಟಾರ್ಚ್ ಹಾಕಿ ನೋಡಿ. ಬ್ರೇಕ್ ಆಯಿಲ್ ಎರಡು ವರ್ಷಕ್ಕೊಮ್ಮೆ ಬದಲಾಗಿದೆಯಾ ಅಂತಲೂ ಕೇಳಿ. ಅದಕ್ಕೂ ಕಿ.ಮೀ. ಲೆಕ್ಕ ಇಲ್ಲ, ಕ್ಯಾಲೆಂಡರ್ ಲೆಕ್ಕ.

ಪ್ರಶ್ನೆ: ನನ್ನ 2017ರ ಐ8 ಮಾರಬೇಕು. ಬ್ಯಾಟರಿ ವಾರಂಟಿ ಮುಗಿದಿದೆ. ಒಳ್ಳೆಯ ಬೆಲೆ ಬರಲು ಏನು ಮಾಡಲಿ?

ಉತ್ತರ: ಬಿಎಂಡಬ್ಲ್ಯು ಈ ಬ್ಯಾಟರಿಗೆ ಯುರೋಪಿನಲ್ಲಿ ಕೊಟ್ಟದ್ದು 8 ವರ್ಷ ಅಥವಾ 1,00,000 ಕಿ.ಮೀ. ವಾರಂಟಿ. ಮಾರಬೇಕಾದ್ದು ಏಳನೇ ವರ್ಷದಲ್ಲಿ. ಒಂದು ವರ್ಷ ಬಾಕಿ ಇರುವ ವಾರಂಟಿ ಕೊಳ್ಳುವವನಿಗೆ ಎಷ್ಟು ಧೈರ್ಯ ಕೊಡುತ್ತದೆ ಅಂದರೆ, ಪಾಲಿಶ್, ಹೊಸ ಮ್ಯಾಟು ಯಾವುದೂ ಅಷ್ಟು ಕೊಡುವುದಿಲ್ಲ. ಆ ಗಾಡಿ ತಪ್ಪಿತು, ಇರಲಿ. ಈಗ ನಿಮ್ಮ ಕೈಲಿರುವುದು ಕಾಗದ. ಬ್ಯಾಟರಿ ಪರೀಕ್ಷೆಯ ವರದಿ ಹೊಸದಾಗಿ ತೆಗೆಸಿ, ತಾರೀಕು ಕಾಣುವ ಹಾಗೆ ಇರಲಿ. ಸರ್ವಿಸ್ ಬಿಲ್ಲುಗಳನ್ನು ವರ್ಷದ ಪ್ರಕಾರ ಜೋಡಿಸಿ. ರೀಕಾಲ್ ಕೆಲಸ (ದೋಷ ಸರಿಪಡಿಸಲು ಕಂಪನಿಯೇ ಕಾರನ್ನು ವಾಪಸ್ ಕರೆಸುವುದು) ಏನಾದರೂ ಬಾಕಿ ಇದೆಯಾ ಅಂತ ಚಾಸಿ ನಂಬರ್ ಕೊಟ್ಟು ವಿಚಾರಿಸಿ, ಇದ್ದರೆ ಮುಗಿಸಿ. ಸಾಮಾನ್ಯ 12 ವೋಲ್ಟಿನ ಬ್ಯಾಟರಿ ಹಳೆಯದಾಗಿದ್ದರೆ ಬದಲಿಸಿಬಿಡಿ. ಅದು ಸೋತಾಗ ಇಂಥ ಕಾರುಗಳು ಸಂಬಂಧವೇ ಇಲ್ಲದ ಹತ್ತಾರು ಎಚ್ಚರಿಕೆ ದೀಪ ಹೊತ್ತಿಸುತ್ತವೆ. ನೋಡಲು ಬಂದವನು ದೊಡ್ಡ ಬ್ಯಾಟರಿಯೇ ಹೋಗಿದೆ ಅಂದುಕೊಂಡು ವಾಪಸ್ ಹೋಗುತ್ತಾನೆ.

ಪ್ರಶ್ನೆ: ಐ8 ಒಂದು ಒಪ್ಪಿಗೆಯಾಗಿದೆ. ಚಾರ್ಜಿಂಗ್ ಕೇಬಲ್ ಕಳೆದುಹೋಗಿದೆಯಂತೆ. ಪೆಟ್ರೋಲಿನಲ್ಲೂ ಓಡುತ್ತದಲ್ಲ, ಪರವಾಗಿಲ್ವಾ?

ಉತ್ತರ: ಓಡುತ್ತದೆ. ಆದರೆ ಕೇಬಲ್ ಇಲ್ಲ ಅಂದರೆ ಆ ಕಾರನ್ನು ಎಷ್ಟೋ ದಿನದಿಂದ ಚಾರ್ಜಿಗೇ ಹಾಕಿಲ್ಲ ಅಂತ. ಯಾಕೆ ಹಾಕಿಲ್ಲ, ಅದು ಗೊತ್ತಾಗಬೇಕು. ಅದೇ ನಮೂನೆಯ ಕೇಬಲ್ ಎಲ್ಲಿಂದಾದರೂ ಹೊಂದಿಸಿಕೊಂಡು ಹೋಗಿ, ಮಾರುವವರ ಎದುರೇ ಚುಚ್ಚಿ. ಮುಂದಿನ ಎಡ ಮಡ್‌ಗಾರ್ಡಿನಲ್ಲಿ ಸಾಕೆಟ್ ಇದೆ, ಅದರ ಸುತ್ತ ದೀಪ. ನೀಲಿ ಮಿನುಗಿದರೆ ಕೂತು ಮಾತಾಡಿ, ಕೇಬಲಿನ ಬೆಲೆ ಕಳೆಯಲು ಹೇಳಿ. ಕೆಂಪು ಬಂತೋ, ಬಂದ ದಾರಿಗೆ ಸುಂಕವಿಲ್ಲ ಅಂತ ಎದ್ದು ಬನ್ನಿ.